"ಶುಗರ್ ಐತಿ" ಅಂದ್ರ ಏನು? ನಮ್ಮ ರಕ್ತದ ಸಣ್ಣ ಅಣುಗಳ ಇತಿಹಾಸ

1/9
ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು... ನಮ್ಮ ಕಡೆ ಯಾವ ಊರಿಗೆ ಹೋದರೂ ಒಂದು ಮಾತು ಕೇಳೇ ಕೇಳ್ತೀವಿ: "ಅವರಿಗೆ ಶುಗರ್ ಐತ್ರಿ."

ನಿಜ ಹೇಳಬೇಕಂದ್ರೆ ಶುಗರ್ ಎಲ್ಲರಿಗೂ ಐತಿ. ಈ ಕ್ಯಾಪ್ಷನ್ ಓದ್ತಿರೋ ನಿಮ್ಮ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇದೆ ಅಂದ್ಕೊಳ್ಳಿ. ಅದರಲ್ಲಿ ಈಗ ಕರಗಿರೋ ಗ್ಲೂಕೋಸ್ ಹೆಚ್ಚುಕಡಿಮೆ 5 ಗ್ರಾಂ. ಒಂದು ಟೀ ಚಮಚೆ, ಅಷ್ಟೇ. ಅದು ತೀರಾ ಇಳಿದರೆ ತಲೆ ತಿರುಗಿ ಬೀಳ್ತೀವಿ. ವರ್ಷಗಟ್ಟಲೆ ಏರಿಯೇ ಇದ್ದರೆ ಕಣ್ಣು, ಕಿಡ್ನಿ, ಪಾದ, ಹೃದಯ ಎಲ್ಲಕ್ಕೂ ಪೆಟ್ಟು.

ರಕ್ತದಲ್ಲಿ ಗ್ಲೂಕೋಸ್ ಒಂದೇ ಅಲ್ಲ, ಅಂಥ ನೂರಾರು ಸಣ್ಣ ಅಣುಗಳು ಓಡಾಡ್ತಿರ್ತವೆ: ಅಮೈನೋ ಆಮ್ಲ, ವಿಟಮಿನ್, ಕೊಬ್ಬಿನ ತುಣುಕು. ಇವನ್ನು ಓದೋದನ್ನ ಮನುಷ್ಯ ಹೆಂಗ ಕಲಿತ ಅನ್ನೋದೇ ಈ ಸರಣಿ. ಇದರ ಒಂದು ಮುಖ್ಯ ಅಧ್ಯಾಯ ನಮ್ಮ ಕರ್ನಾಟಕದಲ್ಲೇ, ಒಂದು ಹೆರಿಗೆ ಆಸ್ಪತ್ರೆಯ ಹಳೆಯ ದಾಖಲೆಗಳಿಂದ ಹುಟ್ಟಿತು. ಅಲ್ಲಿಗೆ ಹೋಗೋಣ, ಆದರೆ ಮೊದಲಿನಿಂದ ಶುರು ಮಾಡೋಣ.

2/9 ಇರುವೆ ಕೊಟ್ಟ ಮೊದಲ ರಿಪೋರ್ಟ್
ಲ್ಯಾಬ್ ಇಲ್ಲದ ಕಾಲ. ರೋಗಿಯ ಮೂತ್ರಕ್ಕೆ ಇರುವೆ ಮುತ್ತಿದವು ಅಂದರೆ ಅದು ಸಿಹಿ ಇದೆ ಅಂತ ನಮ್ಮ ಹಳೆಯ ವೈದ್ಯರು ಗುರುತಿಸಿದರು. ಚರಕ, ಸುಶ್ರುತರ ಗ್ರಂಥಗಳಲ್ಲಿ ಇದಕ್ಕೆ ಮಧುಮೇಹ ಅನ್ನೋ ಹೆಸರು ಇದೆ. ಮಧು ಅಂದರೆ ಜೇನು, ಮೇಹ ಅಂದರೆ ಮೂತ್ರ.

ಸುಶ್ರುತ ಸಂಹಿತೆಯಲ್ಲಿ ಇನ್ನೂ ಒಂದು ಗಮನಿಸೋ ಮಾತು ಇದೆ. ಹುಟ್ಟಿನಿಂದಲೇ ಬರೋದು ಒಂದು, ಊಟ ಮತ್ತು ನಡವಳಿಕೆಯಿಂದ ಬರೋದು ಇನ್ನೊಂದು. ಮೊದಲನೆಯವರು ಸಣಕಲು, ಎರಡನೆಯವರು ದಪ್ಪ. ಈ "ಸಣಕಲು, ದಪ್ಪ" ಅನ್ನೋ ಜೋಡಿ ನೆನಪಿಟ್ಕೊಳ್ಳಿ, ಎಂಟನೇ ಭಾಗದಲ್ಲಿ ಇದು ತಲೆಕೆಳಗಾಗ್ತದೆ.

ಮುಂದೆ 1776. ಇಂಗ್ಲೆಂಡಿನ ಲಿವರ್‌ಪೂಲ್‌ನ ವೈದ್ಯ ಮ್ಯಾಥ್ಯೂ ಡಾಬ್ಸನ್ ರೋಗಿಯೊಬ್ಬನ ಮೂತ್ರವನ್ನು ಕಾಯಿಸಿ ಒಣಗಿಸಿದ. ತಳದಲ್ಲಿ ಸಕ್ಕರೆಯಂಥ ಪುಡಿ ಉಳಿಯಿತು. ಅದಕ್ಕಿಂತ ದೊಡ್ಡ ಮಾತು ಏನಂದರೆ, ರೋಗಿಯ ರಕ್ತದ ತಿಳಿಯೂ ಸಿಹಿಯಾಗಿತ್ತು. ಅಂದರೆ ಸಕ್ಕರೆ ಮೂತ್ರಪಿಂಡದಲ್ಲಿ ಹುಟ್ಟಿದ್ದಲ್ಲ, ಮೊದಲೇ ರಕ್ತದಲ್ಲಿತ್ತು. 1815ರಲ್ಲಿ ಫ್ರಾನ್ಸಿನ ಶೆವ್ರೋಲ್ ಅದು ದ್ರಾಕ್ಷಿಯಲ್ಲಿರೋ ಸಕ್ಕರೆಯೇ ಅಂತ ತೋರಿಸಿದ. ಅದೇ ಗ್ಲೂಕೋಸ್.

3/9 ಹೊಟ್ಟೆಯೊಳಗಿನ ಹಗೇವು
ನಮ್ಮ ಅಜ್ಜಂದಿರ ಕಾಲದಲ್ಲಿ ಜೋಳ ಇಡೋಕೆ ನೆಲದೊಳಗೆ ಹಗೇವು ಇರ್ತಿತ್ತು. ಸುಗ್ಗಿಯಲ್ಲಿ ತುಂಬೋದು, ಬೇಕಾದಾಗ ತೆಗೆಯೋದು. 19ನೇ ಶತಮಾನದ ನಡುವೆ ಫ್ರಾನ್ಸಿನ ಕ್ಲಾಡ್ ಬರ್ನಾರ್ ಕಂಡುಕೊಂಡದ್ದೂ ಅದನ್ನೇ: ನಮ್ಮ ಯಕೃತ್ತು ಗ್ಲೂಕೋಸಿನ ಹಗೇವು. ಉಂಡಾಗ ಗ್ಲೂಕೋಸನ್ನು ಗ್ಲೈಕೋಜನ್ ಮಾಡಿ ಇಟ್ಟುಕೊಳ್ತದೆ, ಉಪವಾಸದಲ್ಲಿ ರಕ್ತಕ್ಕೆ ಬಿಡ್ತದೆ. ನಮ್ಮ ಸ್ನಾಯುಗಳು ಇನ್ನೊಂದು ದೊಡ್ಡ ಹಗೇವು.

ಆದರೆ ಹಗೇವಿನ ಬಾಯಿ ತೆಗೆಯೋರು ಯಾರು? 1889ರಲ್ಲಿ ಜರ್ಮನಿಯ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ಒಂದು ನಾಯಿಯ ಮೇದೋಜೀರಕ ಗ್ರಂಥಿ ತೆಗೆದರು, ನಾಯಿಗೆ ಮಧುಮೇಹ ಬಂತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. 1922ರ ಜನವರಿಯಲ್ಲಿ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು. ಅಲ್ಲಿಯವರೆಗೆ ಆ ವಯಸ್ಸಿನ ಮಕ್ಕಳಿಗೆ ಈ ರೋಗ ಬಂದರೆ ಉಳಿಯೋ ದಾರಿಯೇ ಇರಲಿಲ್ಲ.

ಪಿಯು ಸೈನ್ಸ್‌ನವರೇ, ಲ್ಯಾಬ್‌ನಲ್ಲಿ ಬೆನೆಡಿಕ್ಟ್ ದ್ರಾವಣ ನೋಡಿದ್ದೀರಲ್ಲ? ನೀಲಿ, ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಸ್ಟ್ಯಾನ್ಲಿ ಬೆನೆಡಿಕ್ಟ್ ಅದನ್ನು ಪ್ರಕಟಿಸಿದ್ದು 1908ರಲ್ಲಿ. ಎಷ್ಟೋ ದಶಕ ಜಗತ್ತಿನ ಶುಗರ್ ರೋಗಿಗಳಿಗೆ ಆ ಬಣ್ಣವೇ ರಿಪೋರ್ಟ್ ಆಗಿತ್ತು. ನಮಗೆ ಅದು ಎರಡು ಮಾರ್ಕ್ಸ್‌ನ ಪ್ರಶ್ನೆ 🙂

ಇನ್ನೊಂದು ಲೆಕ್ಕ: ಗ್ಲೂಕೋಸಿನ ಅಣುತೂಕ 180. ಇನ್ಸುಲಿನ್‌ದು ಸುಮಾರು 5,800. ಹಿಮೋಗ್ಲೋಬಿನ್‌ದು ಸುಮಾರು 64,000. "ಸಣ್ಣ ಅಣು" ಅಂದರೆ ಎಷ್ಟು ಸಣ್ಣದು ಅಂತ ಈಗ ಗೊತ್ತಾಯ್ತಲ್ಲ.

4/9 ಬಾಡದ ಕವಿ, ಧಾನ್ಯದ ಜಗಳ
ರಕ್ತದ ಗ್ಲೂಕೋಸ್ ಬರೋದು ಎಲ್ಲಿಂದ? ಹೆಚ್ಚಿನದು ತಟ್ಟೆಯ ಧಾನ್ಯದಿಂದ. ಧಾನ್ಯದ ಪಿಷ್ಟ ಅಂದರೆ ಸಾವಿರಾರು ಗ್ಲೂಕೋಸ್ ಕೈಕೈ ಹಿಡಿದ ಸರಪಳಿ.

ಧಾನ್ಯಗಳ ಜಗಳವನ್ನೇ ಕಾವ್ಯ ಮಾಡಿದ ಕವಿ ನಮ್ಮವನೇ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಯಾರು ದೊಡ್ಡವರು ಅಂತ ವಾದ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡ್ತಾನೆ. ಅಕ್ಕಿ ಸೊರಗ್ತದೆ, ರಾಗಿ ಗಟ್ಟಿಯಾಗೇ ಉಳೀತದೆ. ಅದು ಮೇಲು ಕೀಳಿನ ಕಥೆ ಅಂತ ನಾವು ಓದಿದ್ದೀವಿ, ಸರಿ. ಊಟದ ಕಥೆಯೂ ಹೌದು: ಬಡವರ ಧಾನ್ಯ ಯಾವುದು, ಉಳ್ಳವರದು ಯಾವುದು ಅನ್ನೋದು ಅದರಲ್ಲಿದೆ.

ನಮ್ಮ ನಾಲ್ಕು ತಾಲೂಕುಗಳಲ್ಲೂ ನೆಲ ಬದಲಾದಂಗ ತಟ್ಟೆ ಬದಲಾಗ್ತದೆ. ಹಾನಗಲ್ ಕಡೆ ಕೆರೆ, ಭತ್ತ. ಸವಣೂರು ಕಡೆ ಬಯಲು, ಜೋಳದ ರೊಟ್ಟಿ. ಹಿರೇಕೆರೂರಿನಲ್ಲಿ ಈಗ ಕಣ್ಣು ಹಾಯಿಸಿದಷ್ಟು ಗೋವಿನಜೋಳ, ಅದು ಹೆಚ್ಚಾಗಿ ಮಾರೋಕೆ ಬೆಳೆದದ್ದು. ಹಿಂದಿನವರ ನವಣೆ, ಸಾವೆ ಹಬ್ಬಕ್ಕಷ್ಟೇ ಅನ್ನೋ ಹಂಗಾಗಿದೆ. 2013ರಲ್ಲಿ ಅನ್ನಭಾಗ್ಯ ಬಂತು. ಹಸಿವು ತಪ್ಪಿದ್ದು ಸಣ್ಣ ಮಾತಲ್ಲ. ಜೊತೆಗೆ ದಿನಕ್ಕೆರಡು ಹೊತ್ತೂ ಅನ್ನ ಅನ್ನೋದು ಎಷ್ಟೋ ಮನೆಗಳ ರೂಢಿಯಾಯ್ತು.

1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸ್ತದೆ ಅಂತ ಅಳೆದು ಗ್ಲೈಸೆಮಿಕ್ ಇಂಡೆಕ್ಸ್ ಅನ್ನೋ ಅಳತೆ ಕೊಟ್ಟರು. ಅದರಿಂದ ತಿಳಿದದ್ದು: ಧಾನ್ಯದ ಹೆಸರಿನಷ್ಟೇ ಅದನ್ನ ಏನು ಮಾಡಿದಿವಿ ಅನ್ನೋದೂ ಮುಖ್ಯ. ಒಂದೇ ಅಕ್ಕಿ ಕುಳಿತು ಉಣ್ಣೋ ಅನ್ನವಾದಾಗ ಒಂದು ಥರ, ಅರಳಿ ಮಂಡಕ್ಕಿಯಾದಾಗ ಇನ್ನೂ ಬೇಗ ರಕ್ತಕ್ಕೆ ಇಳೀತದೆ. ನುಣ್ಣಗೆ ಬೀಸಿ ಗಂಜಿ ಮಾಡಿದರೆ ರಾಗಿಯೂ ಬೇಗ ಏರಿಸ್ತದೆ. ಗಿರ್ಮಿಟ್ ಪ್ರಿಯರೇ, ಬೇಜಾರಾಗಬೇಡ್ರಿ. ಶೇಂಗಾ, ಉಳ್ಳಾಗಡ್ಡಿ ಜಾಸ್ತಿ ಹಾಕಿಸ್ಕೊಳ್ರಿ.

5/9 ಸಕ್ಕರೆಯಲ್ಲದ ಅಣುಗಳು
1928. ಆಗ ನಮ್ಮ ಊರುಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು, ಸವಣೂರಿನಲ್ಲಿ ಮಾತ್ರ ನವಾಬರ ಸಂಸ್ಥಾನ. ಅದೇ ಪ್ರಾಂತ್ಯದ ರಾಜಧಾನಿಗೆ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯೋ ಬಡ ಗರ್ಭಿಣಿಯರಿಗೆ ತೀವ್ರ ರಕ್ತಹೀನತೆ ಬರ್ತಿತ್ತು, ಎಷ್ಟೋ ಜನ ಸಾಯ್ತಿದ್ದರು. ಆಗಿನ ಔಷಧಿಗಳು ಹತ್ತಲಿಲ್ಲ. ವಿಲ್ಸ್ ಅವರು ಏನು ತಿಂತಾರೆ ಅಂತ ನೋಡಿದರು. ಮಾರ್ಮೈಟ್ ಅನ್ನೋ ಅಗ್ಗದ ಈಸ್ಟ್ ಸಾರ ಕೊಟ್ಟು ನೋಡಿದರು. ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದನ್ನು ಪ್ರಕಟಿಸಿದರು.

ಆ ಸಾರದಲ್ಲಿದ್ದ ಅಣುವೇ ಫೋಲೇಟ್. 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರೆ ಮಾಡಿದರು. 1945ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಲೆಡರ್ಲೆ ತಂಡವನ್ನು ನಡೆಸಿದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇವತ್ತು ಆಶಾ ಅಕ್ಕ ಗರ್ಭಿಣಿಯರಿಗೆ ಕೊಡೋ ಕಬ್ಬಿಣದ ಗುಳಿಗೆಯಲ್ಲಿ ಇದೇ ಫೋಲಿಕ್ ಆಮ್ಲ ಇರ್ತದೆ.

1948ರಲ್ಲಿ ವಿಟಮಿನ್ ಬಿ12 ಸಿಕ್ಕಿತು. ಇದರ ನಡುವೆ ಒಂದು ಕೋಬಾಲ್ಟ್ ಪರಮಾಣು ಕೂತಿರ್ತದೆ. ಇದರ ರಚನೆ ಬಿಡಿಸಿದ ಡೊರೊಥಿ ಹಾಜ್‌ಕಿನ್ ಅವರಿಗೆ 1964ರಲ್ಲಿ ನೊಬೆಲ್ ಬಂತು. ಬಿ12 ನಮಗೆ ಸಿಗೋದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಕಾಳು, ಸೊಪ್ಪಿನಲ್ಲಿ ಇಲ್ಲ ಅಂದರೂ ನಡೀತದೆ.

ಫೋಲೇಟ್ ಮತ್ತು ಬಿ12 ಜೋಡೆತ್ತು ಇದ್ದಂಗ. ರಕ್ತದಲ್ಲಿ ಹೋಮೋಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಇದೆ. ಈ ಎರಡೂ ಸೇರಿ ಅದನ್ನು ಮಿಥಿಯೋನಿನ್ ಅನ್ನೋ ಉಪಯೋಗಿ ಅಣುವಾಗಿ ಬದಲಿಸ್ತವೆ. ಒಂದೆತ್ತು ಕುಂತರೆ ಗಾಡಿ ನಿಲ್ತದೆ, ಹೋಮೋಸಿಸ್ಟೀನ್ ಪೇರಿಸ್ಕೋತದೆ. ಇದು ಏಳನೇ ಭಾಗಕ್ಕೆ ಬೇಕು.

6/9 ಮೈಸೂರಿನ ಹೆರಿಗೆ ವಾರ್ಡ್
ಈಗ ನಮ್ಮ ರಾಜ್ಯದ ಅಧ್ಯಾಯ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅಂತಾರೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ದಾಖಲಾಗಿತ್ತು. ಬರೆದಿಟ್ಟ ದಾದಿಯರಿಗೆ ಇದು ಮುಂದೆ ವಿಜ್ಞಾನ ಆಗ್ತದೆ ಅಂತ ಅನ್ನಿಸಿರಲಿಕ್ಕಿಲ್ಲ. ದಿನದ ಕೆಲಸ ಅಂತ ಬರೆದರು. ಆದರೆ ಆ ದಾಖಲೆಗಳನ್ನು ಯಾರೂ ರದ್ದಿಗೆ ಹಾಕಲಿಲ್ಲ.

1980ರ ದಶಕದ ಕೊನೆಗೆ ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಒಂದು ವಿಚಿತ್ರ ಮಾತು ಹೇಳಿದರು: ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದಯದ ರೋಗ ಜಾಸ್ತಿ. ಇದು ಭಾರತದಲ್ಲೂ ನಿಜಾನಾ? ಬಾರ್ಕರ್ ಮತ್ತು ಕೆರೋಲಿನ್ ಫಾಲ್ ಅವರಿದ್ದ ತಂಡ ಮೈಸೂರಿನವರ ಜೊತೆ ಸೇರಿ ಆ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರನ್ನು ಹುಡುಕಿತು. 517 ಜನ ಸಿಕ್ಕರು. ಕೂಸಿದ್ದಾಗಿನ ತೂಕ ಒಂದು ಕೈಯಲ್ಲಿ, ಇವತ್ತಿನ ಹೃದಯ ಪರೀಕ್ಷೆ ಇನ್ನೊಂದು ಕೈಯಲ್ಲಿ.

1996ರಲ್ಲಿ ಉತ್ತರ ಬಂತು. 2.5 ಕೆಜಿ ಅಥವಾ ಕಡಿಮೆ ಇದ್ದವರಲ್ಲಿ 11% ಜನಕ್ಕೆ ಹೃದಯದ ರಕ್ತನಾಳದ ರೋಗ. 3.1 ಕೆಜಿಗಿಂತ ಹೆಚ್ಚಿದ್ದವರಲ್ಲಿ 3%.

ಆದರೆ ಮಧುಮೇಹದ ಲೆಕ್ಕ ಬೇರೆಯೇ ಬಂತು. ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಶುಗರ್ ಜಾಸ್ತಿ. ಯಾಕೆ? ಸಂಶೋಧಕರ ಊಹೆ ಹಿಂಗಿತ್ತು: ಗ್ಲೂಕೋಸ್ ಸಣ್ಣ ಅಣು, ತಾಯಿಯ ರಕ್ತದಿಂದ ಮಾಸು ದಾಟಿ ಕೂಸಿಗೆ ಹೋಗ್ತದೆ. ತಾಯಿಯ ಇನ್ಸುಲಿನ್ ದೊಡ್ಡದು, ಹಂಗ ದಾಟೋದಿಲ್ಲ. ತಾಯಿಗೆ ಶುಗರ್ ಏರಿದ್ದರೆ ಕೂಸು ತಾನೇ ಹೆಚ್ಚು ಇನ್ಸುಲಿನ್ ಮಾಡ್ಕೋಬೇಕು, ಅದರಿಂದ ಮೈಗೆ ಕೊಬ್ಬು ಹತ್ತುತ್ತದೆ. ಆ ತಾಯಂದಿರ ರಕ್ತವನ್ನು ಆಗ ಯಾರೂ ಅಳೆದಿರಲಿಲ್ಲ. ಅಳೀಬೇಕಂದರೆ ಹೊಸ ಗರ್ಭಿಣಿಯರಿಂದ ಶುರು ಮಾಡಬೇಕು.

7/9 ಹಾವೇರಿ ಜಿಲ್ಲೆ ಹುಟ್ಟಿದ ವರ್ಷ
1997. ನಮ್ಮ ತಾಲೂಕುಗಳು ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಆದ ವರ್ಷ. ಅದೇ ವರ್ಷ ಮೈಸೂರಿನ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯ್ತು. 1997-98ರಲ್ಲಿ ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿದರು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಆ ಮಕ್ಕಳು ನಮ್ಮ ಜಿಲ್ಲೆಯ ಓರಿಗೆಯವರು.

ಊಹೆಗೆ ಬಲ ಬಂತು. ಗರ್ಭಾವಸ್ಥೆಯಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷದ ಹೊತ್ತಿಗೇ ಮೈಕೊಬ್ಬು ಹೆಚ್ಚು, ಇನ್ಸುಲಿನ್ ಮಾತು ಕೇಳೋದು ಕಡಿಮೆ.

ಇನ್ನೊಂದು ವಿಷಯ 2009ರಲ್ಲಿ ಹೊರಬಂತು. ಜಿ. ವಿ. ಕೃಷ್ಣವೇಣಿ ಮತ್ತು ಜೊತೆಗಾರರು 785 ಗರ್ಭಿಣಿಯರ ಶೇಖರಿಸಿಟ್ಟ ರಕ್ತದಲ್ಲಿ ವಿಟಮಿನ್ ಅಳೆದರು. 43% ಹೆಂಗಸರಿಗೆ ಬಿ12 ಕಡಿಮೆ. ಫೋಲೇಟ್ ಕೊರತೆ ಬರೀ 4%. ಬಿ12 ಕಡಿಮೆ ಇದ್ದವರಲ್ಲಿ ಮೈತೂಕ, ಇನ್ಸುಲಿನ್ ಪ್ರತಿರೋಧ, ಗರ್ಭಾವಸ್ಥೆಯ ಮಧುಮೇಹ ಹೆಚ್ಚಿತ್ತು. ಪುಣೆಯ ಹಳ್ಳಿಗಳಲ್ಲಿ ಚಿತ್ತರಂಜನ ಯಾಜ್ಞಿಕ್ ಅವರ ತಂಡ 2008ರಲ್ಲಿ ಇಂಥದ್ದೇ ಹೇಳಿತ್ತು: ಫೋಲೇಟ್ ಹೆಚ್ಚು, ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವರ್ಷಕ್ಕೆ ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಜಾಸ್ತಿ. ಜೋಡೆತ್ತಿನಲ್ಲಿ ಒಂದು ಕುಂತಿತ್ತು.

ಇಲ್ಲಿ ಹುಷಾರು. ಎರಡು ಒಟ್ಟಿಗೆ ಕಂಡವು ಅಂದರೆ ಒಂದರಿಂದಲೇ ಇನ್ನೊಂದು ಆಯ್ತು ಅಂತಲ್ಲ. ಇದನ್ನೋದಿ ಯಾರೂ ಫೋಲಿಕ್ ಗುಳಿಗೆ ಬಿಡಬಾರದು. ಅದು ಕೂಸಿನ ಬೆನ್ನುಹುರಿ ಕಾಯೋ ಗುಳಿಗೆ. ಬಿ12 ಕಡೆಗೂ ಗಮನ ಬೇಕು ಅನ್ನೋದಷ್ಟೇ ಪಾಠ.

8/9 ಒಂದು ಫೋಟೋದ ಕಥೆ
ಇದು ಫೋಟೋ ಆ್ಯಪ್ ಅಲ್ವಾ, ಒಂದು ಪ್ರಸಿದ್ಧ ಫೋಟೋ ಬಗ್ಗೆ ಹೇಳ್ತೀನಿ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಇಬ್ಬರು ವೈದ್ಯರು ಅಕ್ಕಪಕ್ಕ: ಪುಣೆಯ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರದೂ ಬಿಎಂಐ 22.3. ಕಾಗದದ ಮೇಲೆ ಇಬ್ಬರೂ ಒಂದೇ. ಯಂತ್ರದಲ್ಲಿ ಅಳೆದಾಗ ಮೈಕೊಬ್ಬು ಯುಡ್ಕಿನ್ ಅವರಿಗೆ 9.1%, ಯಾಜ್ಞಿಕ್ ಅವರಿಗೆ 21.2%.

ಸುಶ್ರುತ ಸಂಹಿತೆಯ "ಸಣಕಲು, ದಪ್ಪ" ನೆನಪಿದೆಯಾ? ಇಲ್ಲಿ ಎರಡೂ ಒಂದೇ ಮೈಯಲ್ಲಿ. ಹೊರಗೆ ತೆಳ್ಳಗೆ, ಒಳಗೆ ಕೊಬ್ಬು. ಯಾಜ್ಞಿಕ್ ತಂಡ 2003ರಲ್ಲಿ ತೋರಿಸಿದ್ದು ಇದು ಹುಟ್ಟಿನಲ್ಲೇ ಇದೆ ಅಂತ. ಪುಣೆ ಹಳ್ಳಿಗಳ ಕೂಸಿನ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸಿನದು 3.5 ಕೆಜಿ. ನಮ್ಮ ಕೂಸಿನಲ್ಲಿ ಸ್ನಾಯು ಬಹಳ ಕಡಿಮೆ, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಸ್ನಾಯು ದೊಡ್ಡ ಹಗೇವು ಅಂದ್ವಲ್ಲ? ಹಗೇವೇ ಸಣ್ಣದಾದರೆ ಉಂಡ ಗ್ಲೂಕೋಸ್ ಇಡೋದೆಲ್ಲಿ?

ಅದಕ್ಕೇ ಭಾರತೀಯರಿಗೆ ಬಿಎಂಐ 25 ಅಲ್ಲ, 23 ದಾಟಿದರೇ ಎಚ್ಚರಿಕೆ ಅಂತಾರೆ. "ಅಂವಾ ಕಡ್ಡಿ ಇದ್ದಂಗ ಅದಾನ, ಅಂವಗೆಲ್ಲಿ ಶುಗರ್?" ಅನ್ನೋ ಮಾತು ನಮ್ಮ ಕಡೆ ಎಷ್ಟು ಜನರನ್ನ ಪರೀಕ್ಷೆಯಿಂದ ದೂರ ಇಟ್ಟಿದೆಯೋ!

9/9 ಕೊನೆಗೆ ಉಣ್ಣೋರು
2011ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನದಿಂದ ಒಂದು ಸುದ್ದಿ: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಟೈರೋಸಿನ್, ಫಿನೈಲ್‌ಅಲನಿನ್, ಈ ಐದು ಅಮೈನೋ ಆಮ್ಲ ರಕ್ತದಲ್ಲಿ ಹೆಚ್ಚಿದ್ದವರಿಗೆ ಮುಂದಿನ 12 ವರ್ಷಗಳಲ್ಲಿ ಮಧುಮೇಹ ಬರೋ ಸಾಧ್ಯತೆ ಜಾಸ್ತಿ. ಶುಗರ್ ರಿಪೋರ್ಟ್ ನಾರ್ಮಲ್ ಇದ್ದಾಗಲೇ ರಕ್ತ ಸುಳಿವು ಕೊಡ್ತಿತ್ತು. ಹಂಗಂತ ಬೇಳೆ, ಮೊಟ್ಟೆ ಬಿಡಬೇಕಿಲ್ಲ. ಇನ್ಸುಲಿನ್ ಮಾತು ಕೇಳದ ಮೈಯಲ್ಲಿ ಈ ಅಣುಗಳು ಸರಿಯಾಗಿ ಖರ್ಚಾಗದೇ ಉಳೀತಾವೆ ಅನ್ನೋದು ಒಂದು ವಿವರಣೆ.

ಮೈಸೂರು, ಪುಣೆ, ಫ್ರೇಮಿಂಗ್‌ಹ್ಯಾಮ್ ಮೂರೂ ಹೇಳೋದು ಒಂದೇ: ಡಾಕ್ಟರು "ಶುಗರ್ ಐತಿ" ಅಂದ ದಿನ ರೋಗ ಶುರುವಾಗಿರೋದಿಲ್ಲ. ಅದರ ಬೇರು ಹತ್ತಿಪ್ಪತ್ತು ವರ್ಷ ಹಿಂದೆ, ಕೆಲವೊಮ್ಮೆ ತಾಯಿಯ ಹೊಟ್ಟೆಯಲ್ಲೇ ಇರ್ತದೆ. 2023ರ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ.

ಇದನ್ನ ಓದಿ ತಾಯಂದಿರನ್ನ ದೂರೋರು ಇರ್ತಾರೆ. ತಾಯಿಯ ರಕ್ತಕ್ಕೆ ಏನು ಬಂತು ಅನ್ನೋದು ಮನೆಯ ಅಡುಗೆಮನೆಯಲ್ಲಿ ತೀರ್ಮಾನ ಆಗಿರ್ತದೆ. ಎಲ್ಲರೂ ಉಂಡ ಮೇಲೆ ಉಣ್ಣೋದು ಯಾರು? ಹಾಲು ಡೇರಿಗೆ ಹೋಗಿ, ಮೊಸರು ಗಂಡಸರ ತಟ್ಟೆಗೆ ಹೋಗಿ, ಉಳಿದ ಸಾರು ಅನ್ನ ಯಾರಿಗೆ? ಗರ್ಭಿಣಿ ಆದ ಮೇಲೆ ನಾಲ್ಕು ದಿನ ಉಪಚಾರ ಮಾಡಿದರೆ ಸಾಲದು. ನಮ್ಮ ಕ್ಲಾಸಿನ ಹುಡುಗಿಯರ ತಟ್ಟೆಯಿಂದಲೇ ಅದು ಶುರುವಾಗಬೇಕು.

ಮಾಡಬಹುದಾದ್ದು ದೊಡ್ಡ ಕೆಲಸ ಏನಲ್ಲ:
• ಮನೆಯಲ್ಲಿ ನಿಮ್ಮ ತಾಯಿ ಕಾರ್ಡ್ ಇದ್ದರೆ ಹುಡುಕಿ, ಹುಟ್ಟಿನ ತೂಕ ನೋಡಿ ಎತ್ತಿಡಿ. ಕಾಮೆಂಟ್‌ನಲ್ಲಿ ಹಾಕಬೇಡಿ, ಅದು ನಿಮ್ಮದು.
• ಮನೆಯಲ್ಲಿ ಗರ್ಭಿಣಿ ಇದ್ದರೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಮೊದಲ ಭೇಟಿಯಲ್ಲೊಮ್ಮೆ, ಮತ್ತೆ 24ರಿಂದ 28ನೇ ವಾರದಲ್ಲೊಮ್ಮೆ ಆಗಿದೆಯಾ ಕೇಳಿ. ಎರಡು ತಾಸಿನ ಮೇಲೆ 140 ಅಥವಾ ಹೆಚ್ಚು ಬಂದರೆ ಡಾಕ್ಟರ್ ಹತ್ತಿರ ಮಾತಾಡಲೇಬೇಕು.
• ಅಪ್ಪ ಅಮ್ಮನಿಗೆ ಶುಗರ್ ಇದ್ದರೆ, ನೀವು ತೆಳ್ಳಗಿದ್ದರೂ ಡಾಕ್ಟರನ್ನು ಕೇಳಿ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಮಾಡಿಸಿ ಖಚಿತ ಮಾಡ್ಕೊಳ್ಳಿ.
• ಕಬಡ್ಡಿ ಆಡಿ, ಓಡಿ, ಹೊಲದ ಕೆಲಸ ಮಾಡಿ. ದುಡಿಯೋ ಸ್ನಾಯು ಇನ್ಸುಲಿನ್‌ಗೆ ಕಾಯದೇ ಗ್ಲೂಕೋಸ್ ಎಳ್ಕೋತದೆ. ಹುಟ್ಟಿನ ತೂಕ ಬದಲಿಸೋಕಾಗಲ್ಲ, ಹಗೇವನ್ನ ದೊಡ್ಡದು ಮಾಡ್ಕೋಬಹುದು.
• ಇವತ್ತು ರಾತ್ರಿ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಂದ್ರಿ. ಮೊಸರಿನ ಗಡಿಗಿ ಮೊದಲು ಅವ್ವನ ಕಡೆ ಹೋಗ್ಲಿ.

ಸೇವ್ ಮಾಡ್ಕೊಳ್ಳಿ, ಮನೆ ಗ್ರೂಪಿಗೂ ಒಂದ್ಸಲ ಕಳಿಸ್ರಿ.

#ಹಾವೇರಿ #ಹಾನಗಲ್ #ಶಿಗ್ಗಾಂವಿ #ಸವಣೂರು #ಹಿರೇಕೆರೂರು #ಇತಿಹಾಸ #ವಿಜ್ಞಾನ #ಕನ್ನಡ